ದೋಣಿಗೆ ಎಚ್‌ಪಿ ಅಷ್ಟೇ ಸಾಲದು, ಪಂಖವೂ ಸರಿ ಇರಬೇಕು

ಭೀಮಾ ತೀರದ ಹಳ್ಳಿಗಳಲ್ಲಿ ಮಳೆಗಾಲದ ಮಾತು ಶುರುವಾಗುವುದು ಮುಗಿಲು ನೋಡಿ ಅಲ್ಲ, ಉಜನಿ ನೋಡಿ. ಉಜನಿ ತುಂಬಿತು, ನೀರಾ ನದಿಯ ವೀರ ಅಣೆಕಟ್ಟಿನಿಂದಲೂ ನೀರು ಬಿಟ್ಟರು ಎಂದರೆ ಸಾಕು, ಪಂಢರಪುರ, ಮಂಗಳವೇಢಾ ದಾಟಿ ದಕ್ಷಿಣ ಸೋಲಾಪುರ, ಅಕ್ಕಲಕೋಟ ತಾಲೂಕಿನ ಹೊಳಿಸಾಲಿನ ಊರುಗಳಿಗೂ ಎದುರು ದಂಡೆಯ ಚಡಚಣ, ಇಂಡಿ, ಅಫಜಲಪುರ ತಾಲೂಕಿನ ಊರುಗಳಿಗೂ ಒಂದೇ ಸುದ್ದಿ: ‘ಹೊಳಿ ಬಂತು’. 2020ರ ಅಕ್ಟೋಬರ್‌ನಲ್ಲಿ ಭೀಮಾ ಎರಡೂ ದಂಡೆಯ ಜನರನ್ನು ಮನೆ ಬಿಡಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಸೋಲಾಪುರ ಜಿಲ್ಲೆಯ ಊರುಗಳಿಗೆ ನುಗ್ಗಿತು, ಕೆಳಗೆ ಭೀಮಾ ಮತ್ತೆ ಉಕ್ಕಿತು.

ಪ್ರತಿ ಸಲ ನೀರು ಇಳಿದ ಮೇಲೆ ಏಳುವ ಬೇಡಿಕೆ ಒಂದೇ. ನಮ್ಮೂರಿಗೂ ಒಂದು ಮೋಟಾರ್ ಬೋಟ್ ಕೊಡಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಬೋಟಿನ ಮಾತು ಬಂದಾಗ ಸರಪಂಚರಿಂದ ಹಿಡಿದು ಚಹಾ ಅಂಗಡಿ ಕಟ್ಟೆಯವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಎಚ್‌ಪಿ ಐತಿ?’ ಆ ಎಚ್‌ಪಿಯನ್ನು ನೀರಿಗೆ ಮುಟ್ಟಿಸುವ ಪ್ರೊಪೆಲ್ಲರ್, ಅಂದರೆ ಹೊಳಿ ಮಂದಿ ‘ಪಂಖ’ ಎನ್ನುವ ಆ ಮೂರು ರೆಕ್ಕೆಯ ಸಾಮಾನು ಯಾವ ಅಳತೆಯದು ಎಂದು ಕೇಳುವವರು ಅಪರೂಪ. ಎಂಜಿನ್ ಜೊತೆ ಪೆಟ್ಟಿಗೆಯಲ್ಲಿ ಏನು ಬಂತೋ ಅದನ್ನೇ ಬಿಗಿದು ನೀರಿಗೆ ಇಳಿಸುವುದು ವಾಡಿಕೆ. ನೆರೆಯ ಕೆಲಸಕ್ಕೆ ಇಳಿಯುವ ದೋಣಿಯ ವಿಷಯದಲ್ಲಿ ಈ ವಾಡಿಕೆ ಬದಲಾಗಬೇಕು.

ಪಂಖದ ಮೇಲಿನ ಎರಡು ಅಂಕಿ

ಪ್ರೊಪೆಲ್ಲರಿನ ನಡುಗುಂಬದ ಮೇಲೆ ಅಥವಾ ರೆಕ್ಕೆಯ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಕೊರೆದಿರುತ್ತಾರೆ. ಉದಾಹರಣೆಗೆ 10 × 12. ಮೊದಲ ಅಂಕಿ ವ್ಯಾಸ. ಪಂಖ ತಿರುಗುವಾಗ ರೆಕ್ಕೆಯ ತುದಿಗಳು ಬರೆಯುವ ವೃತ್ತ ಎಷ್ಟು ಇಂಚು ಅಗಲ ಎಂಬುದು. ಎರಡನೆಯದು ಪಿಚ್. ಕಟ್ಟಿಗೆಯಲ್ಲಿ ತಿರುಪು ಮೊಳೆ ಒಂದು ಸುತ್ತು ತಿರುಗಿಸಿದರೆ ಇಷ್ಟು ಒಳಗೆ ಹೋಗುತ್ತದೆ ಎನ್ನುವ ಹಾಗೆ, ಪಂಖ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ ಅದು. ರೆಕ್ಕೆ ಹೆಚ್ಚು ವಾರೆಯಾದಷ್ಟೂ ಪಿಚ್ ಹೆಚ್ಚು.

ನೀರು ಕಟ್ಟಿಗೆಯಲ್ಲ, ಜಾರುತ್ತದೆ. ಹಾಗಾಗಿ 12 ಇಂಚಿನ ಪಿಚ್ ಇದ್ದರೂ ದೋಣಿ ಒಂದು ಸುತ್ತಿಗೆ 12 ಇಂಚು ಹೋಗುವುದಿಲ್ಲ. ಈ ಕೊರತೆಗೆ ಸ್ಲಿಪ್ ಎನ್ನುತ್ತಾರೆ. ಹಗುರ ದೋಣಿ ನೀರಿನ ಮೇಲೆ ತೇಲಿ ಓಡುವಾಗ ಸ್ಲಿಪ್ ನೂರಕ್ಕೆ ಹತ್ತು-ಇಪ್ಪತ್ತರ ಸುತ್ತ ಇರುತ್ತದೆ. ಜನ ತುಂಬಿಕೊಂಡು ನೀರನ್ನು ನೂಕುತ್ತ ನಿಧಾನ ಹೋಗುವ ದೋಣಿಯಲ್ಲಿ ಅದು ಅರ್ಧಕ್ಕಿಂತಲೂ ಮೇಲೆ ಹೋಗಬಹುದು.

ಇನ್ನೊಂದು ಮಾತು. ಎಂಜಿನ್ ಸುತ್ತಿದಷ್ಟು ಪಂಖ ಸುತ್ತುವುದಿಲ್ಲ, ನಡುವೆ ಗೇರ್ ಇದೆ. ಗೇರ್ ಅನುಪಾತ 2ಕ್ಕೆ 1 ಇದ್ದರೆ, ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದಾಗ ಪಂಖ 2500 ಸುತ್ತು. ಅದನ್ನು 12 ಇಂಚಿಗೆ ಗುಣಿಸಿದರೆ ನಿಮಿಷಕ್ಕೆ 30,000 ಇಂಚು, ಅಂದರೆ 762 ಮೀಟರ್. ಗಂಟೆಗೆ ಸುಮಾರು 45 ಕಿ.ಮೀ. ಇದು ಕಾಗದದ ಮೇಲಿನ ವೇಗ. ಅಂಗಡಿಯಲ್ಲಿ ಕೇಳಲು ಚೆಂದ. ಹನ್ನೆರಡು ಮಂದಿ, ನಾಲ್ಕು ಗಂಟು ಸಾಮಾನು, ಎರಡು ಆಡು ಏರಿದ ದೋಣಿಯಲ್ಲಿ ಆ ವೇಗ ಸಿಗುವುದಿಲ್ಲ.

ಕಬ್ಬಿನ ಟ್ರ್ಯಾಕ್ಟರ್ ಕಲಿಸುವ ಪಾಠ

ಪಿಚ್ ಎಂದರೆ ಏನು ಎಂದು ಈ ಭಾಗದ ರೈತರಿಗೆ ತಿಳಿಸಲು ಪುಸ್ತಕ ಬೇಕಿಲ್ಲ. ಕಬ್ಬು ಹೇರಿದ ಎರಡು ಟ್ರಾಲಿ ಕಟ್ಟಿಕೊಂಡು ಹೊಲದ ಕೆಸರಿನಿಂದ ಟ್ರ್ಯಾಕ್ಟರ್ ಮೇಲೆ ತರುವಾಗ ಯಾವ ಡ್ರೈವರನೂ ಟಾಪ್ ಗೇರ್ ಹಾಕುವುದಿಲ್ಲ. ಹಾಕಿದರೆ ಎಂಜಿನ್ ಗುಂಯ್ ಎಂದು ಒದ್ದಾಡಿ, ಕರಿ ಹೊಗೆ ಬಿಟ್ಟು ನಿಂತೇಬಿಡುತ್ತದೆ. ಸಣ್ಣ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ, ಗಾಲಿ ನಿಧಾನ ತಿರುಗುತ್ತದೆ, ಭಾರ ಸರಿಯುತ್ತದೆ. ಕಾರ್ಖಾನೆಯಲ್ಲಿ ಖಾಲಿ ಮಾಡಿ ಬರುವಾಗ ಅದೇ ಡ್ರೈವರ್ ದೊಡ್ಡ ಗೇರಿನಲ್ಲಿ ಹಾಡು ಹಚ್ಚಿಕೊಂಡು ಬರುತ್ತಾನೆ.

ದೋಣಿಯ ಪಿಚ್ಚೂ ಹಾಗೆಯೇ. ಹೆಚ್ಚಿನ ಪಿಚ್ ಟಾಪ್ ಗೇರ್ ಇದ್ದ ಹಾಗೆ, ಕಡಿಮೆ ಪಿಚ್ ಸಣ್ಣ ಗೇರ್ ಇದ್ದ ಹಾಗೆ. ವ್ಯತ್ಯಾಸ ಇಷ್ಟೇ: ಟ್ರ್ಯಾಕ್ಟರಿನಲ್ಲಿ ಗೇರ್ ಬದಲಿಸಲು ಕೈಗೆ ಕಡ್ಡಿ ಇದೆ. ಔಟ್‌ಬೋರ್ಡ್ ಎಂಜಿನ್‌ನಲ್ಲಿ ಮುಂದೆ, ಹಿಂದೆ, ನ್ಯೂಟ್ರಲ್ ಬಿಟ್ಟರೆ ಬೇರೆ ಗೇರಿಲ್ಲ. ದಂಡೆಯ ಮೇಲೆ ಯಾವ ಪಂಖ ಬಿಗಿದಿರೋ ದಿನವಿಡೀ ಅದೇ ಗೇರು. ನಡು ಹೊಳಿಯಲ್ಲಿ ಬದಲಿಸಲಾಗದು. ಆದ್ದರಿಂದಲೇ ಆ ಆಯ್ಕೆ ಮೊದಲೇ, ಲೆಕ್ಕ ಹಾಕಿ, ಭಾರ ನೋಡಿ ಆಗಬೇಕು.

ಇಲ್ಲಿ ವ್ಯಾಸದ ಮಾತೂ ಬರುತ್ತದೆ. ನಿಧಾನವಾಗಿ ಭಾರ ಎಳೆಯುವ ದೋಣಿಗೆ ದೊಡ್ಡ ವ್ಯಾಸ, ಕಡಿಮೆ ಪಿಚ್ ಒಳ್ಳೆಯದು. ಅಗಲ ಪಂಖ ಹೆಚ್ಚು ನೀರು ಹಿಡಿಯುತ್ತದೆ. ಆದರೆ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಪಂಖದ ಮೇಲೆ ಒಂದು ಅಡ್ಡ ತಗಡು ಇದೆ, ಅದರ ಕೆಳಗೆ ಎಷ್ಟು ಜಾಗ ಇದೆಯೋ ಅಷ್ಟೇ ವ್ಯಾಸ. ಅಲ್ಲಿ ಮಾಲೀಕರ ಕೈಯಲ್ಲಿ ಉಳಿಯುವುದು ಮುಖ್ಯವಾಗಿ ಪಿಚ್. ಮೂರು ರೆಕ್ಕೆಯ ಬದಲು ನಾಲ್ಕು ರೆಕ್ಕೆಯದು ಸಿಕ್ಕರೆ ಭಾರದಲ್ಲಿ ಹಿಡಿತ ಇನ್ನೂ ಬಿಗಿ, ಮೇಲಿನ ವೇಗ ಸ್ವಲ್ಪ ಕಡಿಮೆ. ಕೆಲವು ಕಂಪನಿಗಳು ಭಾರದ ಕೆಲಸಕ್ಕೆಂದೇ ಹೆಚ್ಚು ಗೇರ್ ಇಳಿತ ಹಾಗೂ ದೊಡ್ಡ ಪಂಖದ ‘ಹೈ ಥ್ರಸ್ಟ್’ ಮಾದರಿ ಮಾಡುತ್ತವೆ. ಹೊಸದಾಗಿ ಕೊಳ್ಳುವವರು ಅದನ್ನು ಕೇಳಿ ನೋಡಬೇಕು.

ಐದು ನಿಮಿಷದ ಲೆಕ್ಕ

‘ಒಂದೆರಡು ಇಂಚಿನಾಗ ಏನ್ ಫರಕ್ ಆಗತೈತಿ?’ ಎಂದು ಕೇಳುವವರಿಗೆ ಒಂದು ಸಾದಾ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ.

25 ಎಚ್‌ಪಿ ಎಂಜಿನ್. ಪೂರ್ತಿ ಥ್ರಾಟಲ್ ಕೊಟ್ಟಾಗ ನಿಮಿಷಕ್ಕೆ 5000ದಿಂದ 6000 ಸುತ್ತು ತಿರುಗಬೇಕು ಎಂದು ಕಂಪನಿ ಪುಸ್ತಕದಲ್ಲಿ ಬರೆದಿದೆ. ಒಬ್ಬನೇ ಕೂತು ಓಡಿಸಿದಾಗ 5700 ಬಂತು, ಎಲ್ಲರೂ ಚಪ್ಪಾಳೆ ಹೊಡೆದರು. ನೆರೆ ಬಂದ ದಿನ ಹತ್ತು ಮಂದಿ ಏರಿದರು. ಆಗ ಅದೇ ಪೂರ್ತಿ ಥ್ರಾಟಲ್‌ಗೆ 4400 ಮಾತ್ರ. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ಮೇಲಿನ ಸುತ್ತಿನಲ್ಲಿ. 4400ಕ್ಕೆ ನಿಂತರೆ ಸರಿಸುಮಾರು 20 ಎಚ್‌ಪಿ ಕೆಲಸವಷ್ಟೇ. ಬಿಲ್ಲು 25ರದ್ದು, ಕೆಲಸ 20ರದ್ದು. ಉಳಿದ ಐದು ಎಚ್‌ಪಿ ತಪ್ಪು ಪಂಖದ ಖಾತೆಗೆ ಜಮಾ.

ಈಗ ಸೆಳೆತ ನೋಡಿ. ಹೊಳಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹರಿಯುತ್ತಿದೆ, ದೋಣಿ ನೀರಿನಲ್ಲಿ 14 ಕಿ.ಮೀ. ಹೋಗಬಲ್ಲದು. ಸೆಳೆತಕ್ಕೆ ಎದುರು ಹೋಗುವಾಗ ದಂಡೆಯಿಂದ ನೋಡಿದರೆ ಅದು ಸರಿಯುವುದು ಗಂಟೆಗೆ 4 ಕಿ.ಮೀ. ಒಂದು ಕಿ.ಮೀ. ಮೇಲಿರುವ ವಸ್ತಿಗೆ ಮುಟ್ಟಲು 15 ನಿಮಿಷ. ಸರಿಯಾದ ಪಂಖ ಹಾಕಿ ದೋಣಿಯ ವೇಗ 14ರಿಂದ 16ಕ್ಕೆ ಏರಿತೆನ್ನಿ. ಎರಡೇ ಕಿ.ಮೀ. ಏರಿಕೆ. ಆದರೆ ಸೆಳೆತ ಕಳೆದ ಮೇಲೆ ಉಳಿಯುವುದು 4ರ ಬದಲು 6. ಹದಿನೈದು ನಿಮಿಷದ ದಾರಿ ಹತ್ತು ನಿಮಿಷಕ್ಕೆ ಬಂತು. ಐದು ನಿಮಿಷ ಉಳಿತಾಯ.

ನೆರೆಯಲ್ಲಿ ಈ ಐದು ನಿಮಿಷದ ಬೆಲೆ ಪತ್ರಾಸಿನ ಮೇಲೆ ಕೂತು ಕಾಯುವವರಿಗೆ ಗೊತ್ತು. ದೋಣಿಗೆ ಸೆಳೆತ ಮೀರುವ ಶಕ್ತಿ ಉಳಿದಿರದಿದ್ದರೆ ಅಂಬಿಗನ ಕೈಯಲ್ಲಿ ಏನೂ ಇರುವುದಿಲ್ಲ. ನೀರು ಒಯ್ದ ಕಡೆ ದೋಣಿ ಹೋಗುತ್ತದೆ, ಅಡ್ಡ ತಿರುಗುತ್ತದೆ, ಗಿಡಕ್ಕೋ ಕರೆಂಟ್ ಕಂಬಕ್ಕೋ ಹೋಗಿ ತಾಗುತ್ತದೆ.

ದುರಂತಗಳು ಹೇಳುವುದೇನು?

2019ರ ಆಗಸ್ಟ್ 8ರಂದು ಕೃಷ್ಣಾ ಮಹಾಪೂರದಲ್ಲಿ ಸಾಂಗಲಿ ಜಿಲ್ಲೆಯ ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಿತಿಮೀರಿ ಜನ ಏರಿದ್ದರು ಎಂಬುದು ಆಗ ಮುಖ್ಯವಾಗಿ ಕೇಳಿಬಂದ ಮಾತು. 2024ರ ಮೇ 21ರಂದು ಉಜನಿ ಹಿನ್ನೀರಿನಲ್ಲಿ ಕರಮಾಳಾ ತಾಲೂಕಿನ ಕುಗಾಂವದಿಂದ ಇಂದಾಪುರ ತಾಲೂಕಿನ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಸಿಕ್ಕು ಮುಳುಗಿ ಆರು ಮಂದಿ ತೀರಿಕೊಂಡರು.

ಈ ಎರಡು ದುರಂತಕ್ಕೂ ಪಂಖದ ಅಳತೆಯೇ ಕಾರಣ ಎಂದರೆ ಅದು ಸುಳ್ಳಾಗುತ್ತದೆ. ಒಂದರಲ್ಲಿ ಭಾರ, ಇನ್ನೊಂದರಲ್ಲಿ ಗಾಳಿ. ಆದರೂ ಎರಡೂ ಒಂದು ಮಾತು ತೋರಿಸಿವೆ. ಈ ಭಾಗದಲ್ಲಿ ದೋಣಿ ಏರುವವರು ಮೋಜಿಗೆ ಏರುವವರಲ್ಲ. ಸಂತೆಗೆ, ದವಾಖಾನೆಗೆ, ಬೀಗರ ಊರಿಗೆ, ಇಲ್ಲವೇ ಜೀವ ಉಳಿಸಿಕೊಳ್ಳಲು ಏರುವವರು. ಅಂಥ ದೋಣಿ ಯಾವಾಗಲೂ ತುಂಬಿಯೇ ಹೋಗುತ್ತದೆ. ತುಂಬಿದ ದೋಣಿಗೆ ತಕ್ಕ ಯಂತ್ರ, ಯಂತ್ರಕ್ಕೆ ತಕ್ಕ ಪಂಖ ಇರಬೇಕೆಂಬುದು ಅಲ್ಲಿಂದಲೇ ಹುಟ್ಟುವ ಮಾತು.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆ. ಸರಿಯಾದ ಪಂಖ ಹಾಕಿದ್ದೇವೆ, ಇನ್ನು ನಾಲ್ಕು ಮಂದಿ ಹೆಚ್ಚು ಕೂಡ್ರಿಸಬಹುದು ಎಂದು ಯಾರಾದರೂ ಅಂದರೆ ಅವರನ್ನು ದಂಡೆಯಲ್ಲೇ ತಡೆಯಬೇಕು. ದೋಣಿ ಎಷ್ಟು ಭಾರ ಹೊರಬೇಕು ಎಂಬುದನ್ನು ಹೇಳುವುದು ದೋಣಿಯ ಮೈ. ಪಂಖ ಆ ಭಾರವನ್ನು ನೂಕುತ್ತದೆ, ತೇಲಿಸುವುದಿಲ್ಲ.

ತಪ್ಪಾಗುವುದು ಟೆಂಡರ್ ಕಾಗದದಲ್ಲೇ

ಬೋಟ್ ಖರೀದಿಯ ಕಾಗದದಲ್ಲಿ ಏನೇನು ಇರುತ್ತದೆ? ದೋಣಿಯ ಉದ್ದ, ಎಷ್ಟು ಮಂದಿ, ಎಂಜಿನ್ ಎಷ್ಟು ಎಚ್‌ಪಿ, ಲೈಫ್ ಜಾಕೆಟ್ ಎಷ್ಟು, ವಾರಂಟಿ ಎಷ್ಟು ವರ್ಷ. ಪಂಖದ ಹೆಸರು ಬಂದರೂ ‘ಒಂದು ನಗ’ ಎಂದು ಬಂದೀತು. ವ್ಯಾಸ, ಪಿಚ್ ಬರೆಯದಿದ್ದರೆ ಅಂಗಡಿಯವ ಎಂಜಿನ್ ಜೊತೆ ಬಂದದ್ದನ್ನೇ ಕೊಡುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ಕಂಪನಿಗೆ ಆ ಎಂಜಿನ್ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿಲ್ಲ. ಸಮುದ್ರದ ಮೀನುದೋಣಿಗೋ, ಕೆರೆಯ ಪ್ರವಾಸಿ ದೋಣಿಗೋ, ಭೀಮಾ ನೆರೆಗೋ? ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊಂದುವ ನಡುಮಧ್ಯದ ಅಳತೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಆಮೇಲೆ ಬರುವುದು ಪ್ರಾತ್ಯಕ್ಷಿಕೆ. ಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಒಬ್ಬ ಚಾಲಕ, ಇಬ್ಬರು ಹಿರಿಯರು ಕೂತು ಕೆರೆಯಲ್ಲೊಂದು ಸುತ್ತು. ನಿಂತ ನೀರು, ಹಗುರ ದೋಣಿ. ಬೋಟ್ ಮೂತಿ ಎತ್ತಿ ಹಾರಿಕೊಂಡು ಹೋಗುತ್ತದೆ. ಫೋಟೋ ಬರುತ್ತದೆ, ಬಿಲ್ಲು ಪಾಸಾಗುತ್ತದೆ. ಖಾಲಿ ಟ್ರಾಲಿ ಎಳೆದು ತೋರಿಸಿದ ಟ್ರ್ಯಾಕ್ಟರನ್ನು ಯಾವ ರೈತನಾದರೂ ಕೊಂಡಾನೆಯೇ?

ತುಂಬಿ ನೋಡಿದರೇ ಪರೀಕ್ಷೆ

ಸರಿ ಪಂಖ ಯಾವುದು ಎಂದು ಕಂಡುಹಿಡಿಯಲು ಇಂಜಿನಿಯರ್ ಬೇಕೇಬೇಕೆಂದಿಲ್ಲ. ಒಂದು ದಿನದ ಕೆಲಸ.

ಮೊದಲು ದೋಣಿಗೆ ಅದು ಹೊರಬೇಕಾದ ಪೂರ್ತಿ ಭಾರ ಹೇರಬೇಕು. ಪರೀಕ್ಷೆಗೆ ಜನ ಬೇಡ, ಮರಳಿನ ಚೀಲ ಸಾಕು. ಒಬ್ಬರಿಗೆ 60-65 ಕಿಲೋ ಲೆಕ್ಕದಲ್ಲಿ ಕಟ್ಟಿ ದೋಣಿಯ ತುಂಬ ಸಮನಾಗಿ ಇಡಬೇಕು. ಪೆಟ್ರೋಲ್ ಟ್ಯಾಂಕ್ ತುಂಬಿರಬೇಕು. ಚಾಲಕರು ಲೈಫ್ ಜಾಕೆಟ್ ಹಾಕಿರಬೇಕು. ನಿಂತ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂದು ನೋಡಬೇಕು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಸುತ್ತು ತೋರಿಸುವ ಮೀಟರ್ ಇರುವುದಿಲ್ಲ. ಸ್ಪಾರ್ಕ್ ಪ್ಲಗ್ ತಂತಿಗೆ ಸುತ್ತಿ ಕಟ್ಟುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ಎಂಜಿನ್ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ. ವೇಗ ನೋಡಲು ಮೊಬೈಲ್ ಜಿಪಿಎಸ್ ಸಾಕು.

ಬಂದ ಅಂಕಿಯನ್ನು ಕಂಪನಿ ಪುಸ್ತಕದ ಮಿತಿಯೊಂದಿಗೆ ಹೋಲಿಸಬೇಕು. ಕೆಳಗೆ ಬಿದ್ದರೆ ಪಿಚ್ ಜಾಸ್ತಿಯಾಗಿದೆ. ಮೇಲೆ ಹೋದರೆ ಪಿಚ್ ಕಡಿಮೆಯಾಗಿದೆ. ಪಿಚ್‌ನಲ್ಲಿ ಒಂದು ಇಂಚು ಇಳಿಸಿದರೆ ಸುತ್ತು ಸುಮಾರು 150ರಿಂದ 200 ಏರುತ್ತದೆ ಎಂಬುದು ದೋಣಿ ಕೆಲಸದವರು ನಂಬುವ ಲೆಕ್ಕ. ಮೇಲಿನ ಉದಾಹರಣೆಯಲ್ಲಿ 4400 ಬಂದಿತ್ತು, ಬೇಕಾದದ್ದು ಕನಿಷ್ಠ 5000. ಕೊರತೆ 600. ಅಂದರೆ ಪಿಚ್ 12ರಿಂದ 9ಕ್ಕೋ 8ಕ್ಕೋ ಇಳಿಯಬೇಕು. ಆ ಎಂಜಿನ್‌ಗೆ ಕಂಪನಿ ಮಾಡುವ ಅಳತೆಗಳಲ್ಲಿ ಹತ್ತಿರದ್ದನ್ನು ತಂದು, ಮತ್ತೆ ಅದೇ ಚೀಲ, ಅದೇ ನೀರು, ಅದೇ ಪರೀಕ್ಷೆ. ಅಂಕಿ ಮಿತಿಯೊಳಗೆ ಬಂದರೆ ಕೆಲಸ ಮುಗಿಯಿತು.

ಪಂಖಕ್ಕೆ ಬೈಯುವ ಮೊದಲು ಎಂಜಿನ್ ಕೂಡಿಸಿದ ಎತ್ತರವನ್ನೂ ನೋಡಬೇಕು. ಪಂಖದ ಮೇಲಿನ ಅಡ್ಡ ತಗಡು ದೋಣಿಯ ತಳದ ಮಟ್ಟಕ್ಕೆ ಸುಮಾರಾಗಿ ಸಮ ಇರಬೇಕು. ಹೆಚ್ಚು ಮೇಲಿದ್ದರೆ ಪಂಖ ಗಾಳಿ ಎಳೆದುಕೊಂಡು ಸುಮ್ಮನೆ ಗರಗರ ತಿರುಗುತ್ತದೆ. ಹೆಚ್ಚು ಕೆಳಗಿದ್ದರೆ ನೀರಿನಲ್ಲಿ ತಡೆ ಹೆಚ್ಚಿ ವೇಗ ಹೋಗುತ್ತದೆ, ಕಲ್ಲಿಗೆ ತಾಗುವ ಭಯವೂ ಹೆಚ್ಚು. ಎಂಜಿನ್ ಕಾಲು 15 ಇಂಚು, 20 ಇಂಚು ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ. ದೋಣಿಯ ಹಿಂಭಾಗದ ಹಲಗೆ ಅಳೆಯದೆ ಎಂಜಿನ್ ತಂದರೆ ಇಲ್ಲೇ ಎಡವುತ್ತಾರೆ.

ಕೆಲವೆಡೆ ಪಂಪ್‌ಸೆಟ್ಟಿನಂಥ ಡೀಸೆಲ್ ಎಂಜಿನ್ ಕೂಡಿಸಿ ಉದ್ದ ದಂಡದ ತುದಿಗೆ ಪಂಖ ಹಾಕಿದ ದೋಣಿಗಳಿವೆ. ಅಲ್ಲಿ ಮೀಟರ್ ಇಲ್ಲದಿದ್ದರೂ ಹೊಗೆ ಒಂದು ಗುರುತು. ಚೆನ್ನಾಗಿರುವ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಕರಿ ಹೊಗೆ ಕಾರುತ್ತ ಸುತ್ತು ಏರದೆ ನರಳುತ್ತಿದ್ದರೆ ಪಂಖ ಅದಕ್ಕೆ ಮೀರಿದ್ದು ಎಂದು ಸಂಶಯಪಡಬೇಕು. ಹಾಗೆಯೇ ಓಡಿಸಿದರೆ ಎಂಜಿನ್ ಕಾಯುತ್ತದೆ, ಇಂಗಾಲ ಕಟ್ಟುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ.

ನೆರೆ ಹೊಳಿಯ ತಳ ಬೇರೆ

ಭೀಮಾ ನೆರೆ ಎಂದರೆ ಬರೀ ನೀರಲ್ಲ. ಕಬ್ಬಿನ ರವದಿ, ಜಾಲಿ ಕಂಟಿ, ಪಂಪ್‌ಸೆಟ್ಟಿನ ಪೈಪು, ಹಗ್ಗ, ಬಿದ್ದ ತಂತಿ, ಮುಳುಗಿದ ಬೇಲಿ ಎಲ್ಲವೂ ಅದರೊಳಗೆ ಇವೆ. ಕೆಳಗೆ ಕರಿ ಬಂಡೆ, ಮರಳು ತೆಗೆದ ಗುಂಡಿ. ಹಾಗಾಗಿ ಒಂದೇ ಪಂಖ ನಂಬಿ ಹೋಗುವುದು ಸ್ಟೆಪ್ನಿ ಇಲ್ಲದೆ ಘಾಟ್ ಹತ್ತಿದ ಹಾಗೆ.

ಅಲ್ಯುಮಿನಿಯಂ ಪಂಖ ಕಲ್ಲಿಗೆ ತಾಗಿದರೆ ತಾನು ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಸ್ಟೀಲಿನದು ಗಟ್ಟಿ, ವೇಗಕ್ಕೂ ಒಳ್ಳೆಯದು, ಆದರೆ ಬೆಲೆ ಹೆಚ್ಚು, ಜೋರು ಪೆಟ್ಟು ಬಿದ್ದರೆ ಒಳಗಿನ ಗೇರಿಗೂ ದಂಡಕ್ಕೂ ಏಟು ಮುಟ್ಟುವ ಸಂಭವ ಹೆಚ್ಚು. ನೆರೆಯ ಕೆಲಸಕ್ಕೆ ಒಂದು ಸ್ಟೀಲ್ ಪಂಖದ ಬದಲು ಎರಡು ಅಲ್ಯುಮಿನಿಯಂ ಪಂಖ ಇಟ್ಟುಕೊಳ್ಳುವುದು ಜಾಣತನ. ಸಣ್ಣ ಎಂಜಿನ್‌ಗಳಲ್ಲಿ ಪೆಟ್ಟು ಬಿದ್ದಾಗ ತಾನು ತುಂಡಾಗಿ ಗೇರ್ ಉಳಿಸುವ ಒಂದು ಪಿನ್ ಇರುತ್ತದೆ. ದೊಡ್ಡವುಗಳಲ್ಲಿ ಆ ಕೆಲಸಕ್ಕೆ ಗುಂಬದೊಳಗೆ ರಬ್ಬರ್ ಬುಶ್ ಇರುತ್ತದೆ. ಹಳೆಯ ಬುಶ್ ಸಡಿಲಾದರೆ ಎಂಜಿನ್ ಕೂಗುತ್ತದೆ, ದೋಣಿ ಹೋಗುವುದಿಲ್ಲ. ಇದನ್ನು ಮಳೆಗಾಲದ ಮೊದಲೇ ನೋಡಬೇಕು. ದೋಣಿಯ ಪೆಟ್ಟಿಗೆಯಲ್ಲಿ ಬಿಡಿ ಪಂಖ, ಪಿನ್, ನಟ್ಟು, ಅದಕ್ಕೆ ಹೊಂದುವ ಪಾನಾ, ಒಂದು ಪಕ್ಕಡ, ಹಗ್ಗ ಕೊಯ್ಯುವ ಚಾಕು, ಎರಡು ಹುಟ್ಟು ಇರಲೇಬೇಕು. ಪಂಖದ ಅಂಚು ಸ್ವಲ್ಪ ಬಾಗಿದ್ದರೂ ಹಿಡಿತ ಹೋಗುತ್ತದೆ, ನಡುಕ ಶುರುವಾಗುತ್ತದೆ. ‘ನಡೀತೈತಿ ಬಿಡು’ ಎನ್ನುವುದು ತಪ್ಪು.

ಇನ್ನೊಂದನ್ನು ಮರೆಯಬಾರದು. ನೀರಿನಲ್ಲಿದ್ದವರನ್ನು ದೋಣಿಗೆ ಎಳೆದುಕೊಳ್ಳುವಾಗ ಎಂಜಿನ್ ಬಂದ್ ಇರಬೇಕು. ತಿರುಗುವ ಪಂಖ ಮನುಷ್ಯ, ಹಗ್ಗ ಎಂದು ಭೇದ ಮಾಡುವುದಿಲ್ಲ. ಚಾಲಕ ಜಾರಿ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಒಂದು ದಾರ ಕೊಟ್ಟಿರುತ್ತಾರೆ. ಅದು ಕೈಗೆ ಕಟ್ಟಿಕೊಳ್ಳಲು ಇರುವುದು, ಗೂಟಕ್ಕೆ ನೇತುಹಾಕಲು ಅಲ್ಲ.

ಎರಡು ದಂಡೆ, ಒಂದು ಪಟ್ಟಿ

ಗಡಿಭಾಗದ ತೊಂದರೆ ಇಲ್ಲಿ ಬರುತ್ತದೆ. ಎಂಜಿನ್ ಪುಸ್ತಕ ಇಂಗ್ಲಿಷಿನಲ್ಲಿ. ಸರಕಾರದ ಆದೇಶ ಮರಾಠಿಯಲ್ಲಿ. ಅಕ್ಕಲಕೋಟ, ದಕ್ಷಿಣ ಸೋಲಾಪುರದ ಅನೇಕ ಹೊಳಿಸಾಲಿನ ಊರುಗಳಲ್ಲಿ ದೋಣಿ ನಡೆಸುವವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಮಾತಾಡುವುದು ಕನ್ನಡ. ಮರಾಠಿ ಮಾತು ಬರುತ್ತದೆ ನಿಜ, ಆದರೆ ಯಂತ್ರದ ಸೂಚನೆಯನ್ನು ಅವಸರದಲ್ಲಿ ಓದಿ ತಿಳಿಯುವ ಕೆಲಸ ಬೇರೆ. ಯಾವ ಪಂಖ ಯಾವ ಭಾರಕ್ಕೆ, ಪೂರ್ತಿ ಥ್ರಾಟಲ್‌ಗೆ ಎಷ್ಟು ಸುತ್ತು, ಎಷ್ಟು ಮಂದಿ ಮಿತಿ ಎಂಬ ನಾಲ್ಕು ಸಾಲನ್ನು ಕನ್ನಡ, ಮರಾಠಿ ಎರಡರಲ್ಲೂ ಎಣ್ಣೆ ಬಣ್ಣದಲ್ಲಿ ದೋಣಿಯ ಒಳಮೈ ಮೇಲೆ ಬರೆಸಲು ಯಾವ ಮಂಜೂರಾತಿಯೂ ಬೇಕಿಲ್ಲ. ಒಬ್ಬ ಪೇಂಟರ್, ಅರ್ಧ ದಿನ.

ನೆರೆ ಬಂದಾಗ ಹತ್ತಿರದ ದೋಣಿ ಎಷ್ಟೋ ಸಲ ಎದುರು ದಂಡೆಯದೇ ಇರುತ್ತದೆ. ಟಾಕಳಿಗೆ ಧೂಳಖೇಡ ಸಮೀಪ, ಸೋಲಾಪುರ ದೂರ. ಆದರೆ ಒಂದು ಕಂಪನಿಯ ಪಂಖ ಇನ್ನೊಂದು ಕಂಪನಿಯ ಎಂಜಿನ್‌ಗೆ ಸುಮ್ಮನೆ ಕೂಡುವುದಿಲ್ಲ. ದಂಡದ ಹಲ್ಲುಗಳ ಎಣಿಕೆ ಬೇರೆ, ಗುಂಬದ ಅಳತೆ ಬೇರೆ. ಒಂದೇ ಕಂಪನಿಯ ಬೇರೆ ಎಚ್‌ಪಿಯದೂ ಹೊಂದದಿರಬಹುದು. ಆದ್ದರಿಂದ ಎರಡೂ ದಂಡೆಯ ತಹಸೀಲದಾರ ಕಚೇರಿಗಳು ಮಳೆಗಾಲಕ್ಕೆ ಮೊದಲು ಒಂದು ಪಟ್ಟಿ ಮಾಡಿ ಬದಲಿಸಿಕೊಳ್ಳಬೇಕು. ಯಾವ ಊರಲ್ಲಿ ಯಾವ ದೋಣಿ, ಯಾವ ಎಂಜಿನ್, ಯಾವ ಅಳತೆಯ ಪಂಖ, ಬಿಡಿ ಪಂಖ ಎಲ್ಲಿದೆ. ಉಜನಿಯಿಂದ ಎಷ್ಟು ನೀರು ಬಿಟ್ಟರು ಎಂಬ ಸುದ್ದಿ ಗಡಿ ದಾಟಿ ಹೋಗುವುದಾದರೆ ಈ ಪಟ್ಟಿ ಹೋಗಲು ಅಡ್ಡಿ ಏನು?

ಕೇಳಿಬರುವ ಎರಡು ಮಾತು

ನೆರೆ ಬಂದರೆ ಎನ್‌ಡಿಆರ್‌ಎಫ್ ಬರುತ್ತದೆ, ಊರವರಿಗೆ ಈ ತಲೆಬಿಸಿ ಯಾಕೆ ಎಂಬುದು ಒಂದು. ಆ ಪಡೆಯ ಕೆಲಸಕ್ಕೆ ಎರಡು ಮಾತಿಲ್ಲ. ಆದರೆ ಅದರ 5ನೇ ಬಟಾಲಿಯನ್ ಇರುವುದು ಪುಣೆ ಹತ್ತಿರ. ಪುಣೆಯಿಂದ ಸೋಲಾಪುರಕ್ಕೇ ಸುಮಾರು 250 ಕಿ.ಮೀ., ಅಲ್ಲಿಂದ ಹೊಳಿಸಾಲಿಗೆ ಮತ್ತೆ ದಾರಿ, ಅದೂ ಮಳೆಯಲ್ಲಿ. ಮೊದಲ ಕೆಲವು ತಾಸು ಊರ ದೋಣಿಯೇ ಗತಿ.

ಕಡಿಮೆ ಪಿಚ್ ಹಾಕಿದರೆ ಖಾಲಿ ದೋಣಿ ನಿಧಾನ ಆಗುತ್ತದೆ, ದೂರದ ಊರಿಗೆ ಬೇಗ ಮುಟ್ಟುವುದು ಹೇಗೆ ಎಂಬುದು ಇನ್ನೊಂದು. ಇದು ನಿಜವಾದ ಮಾತು. ಖಾಲಿ ಇದ್ದಾಗ ಕಡಿಮೆ ಪಿಚ್‌ನ ಎಂಜಿನ್ ಮಿತಿ ಮೀರಿ ಸುತ್ತಬಹುದು, ಥ್ರಾಟಲ್ ಹಿಡಿತದಲ್ಲಿಡಬೇಕು. ಅದಕ್ಕೇ ಎರಡು ಪಂಖ ಬೇಕೆನ್ನುವುದು. ಕಂಪನಿ ಕೊಟ್ಟದ್ದು ಗಸ್ತಿಗೆ, ದೂರದ ಓಟಕ್ಕೆ ಇರಲಿ. ಕಡಿಮೆ ಪಿಚ್‌ನದು ಜನ ಸಾಗಿಸಲು ಇರಲಿ. ಪಾನಾ ಕೈಯಲ್ಲಿದ್ದರೆ, ಕೈ ಪಳಗಿದ್ದರೆ, ದಂಡೆಯಲ್ಲಿ ಬದಲಿಸಲು ಕೆಲವೇ ನಿಮಿಷ. ಒಂದನ್ನೇ ಕೊಳ್ಳಲು ಹಣ ಇದ್ದರೆ ಭಾರಕ್ಕೆ ತಕ್ಕದ್ದೇ ಮೊದಲು. ದೋಣಿ ಹೋಗುವಾಗ ಖಾಲಿ, ಬರುವಾಗ ತುಂಬಿ. ಜೀವಗಳು ಇರುವುದು ಬರುವ ಸುತ್ತಿನಲ್ಲಿ.

ಹಣದ ಮಾತಂತೂ ಏಳಲೇಬಾರದು. ಒಂದು ಎಂಜಿನ್ ಬೆಲೆಯ ಮುಂದೆ ಒಂದು ಅಲ್ಯುಮಿನಿಯಂ ಪಂಖದ ಬೆಲೆ ಸಣ್ಣ ಪಾಲು. ಉದ್ಘಾಟನೆಯ ಮಂಟಪ, ಶಾಲು, ಹಾರದ ಖರ್ಚು ಉಳಿಸಿದರೂ ಒಂದು ಮೀಟರ್, ಮರಳು ಚೀಲ, ಪೇಂಟರ್ ಮೂರಕ್ಕೂ ದಾರಿ ಆದೀತು.

2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ನೋಂದಣಿ, ತಪಾಸಣೆ ಬೇಕೆಂದು ಹೇಳುತ್ತದೆ. ಕಾಗದದ ಕಾಯ್ದೆ ಹೊಳಿ ದಂಡೆಗೆ ಇಳಿಯಬೇಕಾದರೆ ಊರವರೇ ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಬೋಟಿನ ವಿಷಯ ಬಂದಾಗ ‘ಎಷ್ಟು ಎಚ್‌ಪಿ’ ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೂ ಮೂರು ಪ್ರಶ್ನೆ ಬೀಳಲಿ. ಪಂಖದ ಅಳತೆ ಎಷ್ಟು? ತುಂಬಿದ ದೋಣಿಯಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗಿತು? ಬಿಡಿ ಪಂಖ ಎಲ್ಲಿದೆ? ಉತ್ತರ ಬರದಿದ್ದರೆ ಬಿಲ್ಲಿಗೆ ಸಹಿ ಹಾಕುವುದು ಬೇಡ. ಮರಳು ಚೀಲ ಹೇರಿ ನೋಡುವ ಕೆಲಸಕ್ಕೆ ಬೇಸಿಗೆಯೇ ಸರಿಯಾದ ಹೊತ್ತು. ಹೊಳಿ ಬಂದ ಮೇಲೆ ಪಿಚ್ ಎಷ್ಟೆಂದು ಕೇಳಲು ಯಾರಿಗೂ ಪುರಸೊತ್ತು ಇರುವುದಿಲ್ಲ.